ಏರಿದ್ದನ್ನು ಏರಿತು ಎನ್ನಲು

ಶ್ರೀನಿವಾಸಪುರ
೧೨ ಜೂನ್ ೨೦೨೫

ನನ್ನ ಮುದ್ದು ಆಶಾರಾಣಿ,

ಪಾಸಾದೆ ಕಣೇ! ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ ಒಂಬತ್ತಕ್ಕೆ ಏಳು! ನರ್ಸ್ ಕೆಲಸ ಕೊಡಲು ಐರ್ಲೆಂಡಿನ ಆಸ್ಪತ್ರೆಯವರು ಕೇಳಿದ್ದು ಅಷ್ಟೇ. ನಿನ್ನೆ ಫೋನಿನಲ್ಲಿ ಇಷ್ಟನ್ನೇ ಹೇಳಿದೆ, ಉಳಿದದ್ದು ಹೇಳಲಾಗಲಿಲ್ಲ. ಅದಕ್ಕೇ ಈ ಕಾಗದ.

ಎರಡು ಸಲ ನಾನು ಡುಮ್ಕಿ ಹೊಡೆದದ್ದು, ಗ್ರಾಫು ಕೊಟ್ಟು ಅದನ್ನು ವಿವರಿಸಿ ಬರೆಯಿರಿ ಎನ್ನುವ ಆ ಹಾಳು ಪ್ರಶ್ನೆಯಲ್ಲೇ. ಮೂರನೆಯ ಸಲವೂ ಹೋಗಿದ್ದರೆ ಅಪ್ಪ ಸಾಕು ಬಿಡು ಎನ್ನುತ್ತಿದ್ದರು, ಕೆಲಸವೂ ಕೈಬಿಟ್ಟು ಹೋಗುತ್ತಿತ್ತು. ವಾರ್ಡಿನಲ್ಲಿ ದಿನವೂ ಜ್ವರದ ಚಾರ್ಟು ತುಂಬುವವಳಿಗೆ, ಗೆರೆ ಏರಿತು ಇಳಿಯಿತು ಎಂದು ಇಂಗ್ಲಿಷಿನಲ್ಲಿ ಬರೆಯಲು ಏನು ಧಾಡಿ ಎಂದು ನನ್ನ ಮೇಲೆ ನನಗೇ ಸಿಟ್ಟು.

ನಮ್ಮ ಕೋಲಾರದ ರೂಮಿನಲ್ಲಿ ಒಂದು ದಿನ ನನ್ನ ಹಾಳೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಕೂತೆಯಲ್ಲ, ಅವತ್ತು ಕಂಡುಹಿಡಿದೆ ನೀನು. ಗೆರೆ ಮುಗಿಲು ಮುಟ್ಟಿದ್ದರೂ ನಾನು ಬರೆದದ್ದು ‘ಸ್ಲೈಟ್ಲಿ’ ಏರಿತು ಅಂತ. ಚೂರು ಇಳಿದರೆ ಮಾತ್ರ ‘ಡ್ರಾಸ್ಟಿಕಲಿ’ ಕುಸಿಯಿತು. “ಏನೇ ಇದು, ಏರಿದ್ರೆ ನಿಂಗ್ಯಾಕೆ ಹೊಟ್ಟೆಕಿಚ್ಚು?” ಎಂದು ನಕ್ಕೆ ನೀನು. ನಾನು ಯೋಚಿಸಿದೆ. ನಮ್ಮದು ಮಾವಿನ ತೋಟದ ಮನೆ. ಮರದ ತುಂಬ ಕಾಯಿ ಜೋತುಬಿದ್ದಿದ್ದರೂ ಯಾರಾದರೂ ಕೇಳಿದರೆ ಅಮ್ಮ, “ಏನೋ, ಸುಮಾರಾಗೈತೆ” ಎನ್ನುತ್ತಾಳೆ. ಚೆನ್ನಾಗಿದೆ ಎಂದರೆ ದೃಷ್ಟಿಯಾಗುತ್ತದಲ್ಲ! ಕಾಯಿ ಉದುರಿದರೆ ಮಾತ್ರ ಬೀದಿಗೆಲ್ಲ ಕೇಳುವಂತೆ ಗೋಳಾಡುತ್ತಾಳೆ. ಹುಟ್ಟಿದಾಗಿನಿಂದ ಇದನ್ನೇ ಕೇಳಿದವಳು, ಪರೀಕ್ಷೆಯಲ್ಲೂ ಇದನ್ನೇ ಮಾಡಿ ಬಂದಿದ್ದೆ.

ನೀನು ಆಡಿಕೊಳ್ಳಲಿಲ್ಲ. “ಆ ಗ್ರಾಫು ನಿಮ್ಮ ತೋಟ ಅಲ್ಲ ಕಣೇ, ಅದಕ್ಕೆ ಯಾರ ಕಣ್ಣೂ ತಾಗಲ್ಲ, ಧೈರ್ಯವಾಗಿ ಬರಿ” ಎಂದೆ. ದಿನಾ ಸಂಜೆ ಹೊಸ ಗೆರೆ ಎಳೆದು ತೋರಿಸಿದೆ. ಹಿಂದಿನ ವರ್ಷಗಳದ್ದಾದರೆ ಭೂತಕಾಲ. ಗೆರೆ ಮಲಗಿದ್ದರೆ ‘ರಿಮೇನ್ಡ್ ಸ್ಟೆಡಿ’, ನೆಟ್ಟಗೆ ಎದ್ದರೆ ‘ರೋಸ್ ಶಾರ್ಪ್ಲಿ’. ಮೊದಲ ಸಲ ಅದನ್ನು ಬರೆದವಳು ಹೊಡೆದುಹಾಕಿ ಮತ್ತೆ ಬರೆದೆ, ನಿನ್ನಾಣೆ. ನೀನೂ ನನ್ನ ಜೊತೆಗೇ ಪರೀಕ್ಷೆಗೆ ಕೂರುವವಳು. ನಿನ್ನ ಓದನ್ನು ಬದಿಗಿಟ್ಟು ನನ್ನ ಹಾಳೆ ತಿದ್ದುತ್ತಿದ್ದೆ.

ಪರೀಕ್ಷೆಯಲ್ಲಿ ಬಂದದ್ದು ರೈಲು ಪ್ರಯಾಣಿಕರ ಗ್ರಾಫು. ಗೆರೆ ನೆಟ್ಟಗೆ ಎದ್ದಿತ್ತು. ಎದ್ದಿತು ಎಂದೇ ಬರೆದು ಬಂದೆ.

ನಿನ್ನೆ ನಿನ್ನ ರಿಸಲ್ಟು ಕೇಳಿದರೆ, “ನಂದು ಇನ್ನೂ ಬಂದಿಲ್ಲ, ಬರುತ್ತೆ ಬಿಡೇ, ಮೊದ್ಲು ಅಮ್ಮಂಗೆ ಸಿಹಿ ತಿನ್ಸು ಹೋಗು” ಎಂದು ನನಗಿಂತ ಜೋರಾಗಿ ಕೂಗಿದೆ. ತಿನ್ನಿಸಿದೆ. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಕಣೇ. ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನದೂ ಬರಲಿ, ಇಬ್ಬರೂ ಜೊತೆಗೇ ಹೋಗೋಣ.

ನಿನ್ನ
ತ್ರಿವೇಣಿ

ತಾ.ಕ.: ಕಾಗದ ಮಡಿಸುವಾಗ ನಮ್ಮ ವಾರ್ಡಿನ ಸುನಂದ ಸಿಸ್ಟರ್ ಫೋನ್ ಮಾಡಿದರು. ನಿನ್ನದೂ ನಿನ್ನೆಯೇ ಬಂದಿತ್ತಂತೆ, ನಾನು ಫೋನ್ ಮಾಡುವುದಕ್ಕೂ ಮೊದಲೇ. ಇಂಗ್ಲಿಷ್ ಕೇಳಿಸಿಕೊಂಡು ಉತ್ತರ ಬರೆಯುವ ಲಿಸನಿಂಗಿನಲ್ಲಿ, ಬೇಕಾದ್ದಕ್ಕಿಂತ ಅರ್ಧ ಅಂಕ ಕಡಿಮೆಯಂತೆ. ಅಳು ನುಂಗಿಕೊಂಡು ನನ್ನ ಜೊತೆ ಕುಣಿದೆಯಲ್ಲೇ, ಕಳ್ಳಿ! ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾಳೆ ಮೊದಲ ಬಸ್ಸಿಗೆ ಕೋಲಾರಕ್ಕೆ ನಾನೇ ತರುತ್ತೇನೆ. ಸೇರುವ ತಾರೀಖು ಮುಂದಕ್ಕೆ ಹಾಕಿ ಎಂದು ಐರ್ಲೆಂಡಿಗೆ ಬರೆದಾಯಿತು. ಇನ್ನು ದಿನಾ ಸಂಜೆ ನಾನು ಇಂಗ್ಲಿಷ್ ಗಟ್ಟಿಯಾಗಿ ಓದುತ್ತೇನೆ, ನೀನು ಕೇಳಿಸಿಕೊ.