ಬಳೆ ಏರಿದ ಮುಂಗೈ

ಭಾಂಡುಪ್, ಮುಂಬೈ
೧೮ ಜನವರಿ ೨೦೨೫

ಪ್ರೀತಿಯ ಆಯಿ,

ನಿನ್ನ ಮೊಮ್ಮಗಳು ವೈಶಾಲಿ ಮಾಡುವ ನಮಸ್ಕಾರ. ಮೊಣಕಾಲು ಹೇಗಿದೆ? ಕಳಿಸಿದ ಎಣ್ಣೆ ನೀನೇ ಹಚ್ಚಿಕೊಳ್ಳುತ್ತೀಯೋ, ಎಮ್ಮೆಯ ಕಾಲಿಗೆ ಹಚ್ಚಿ ಖಾಲಿ ಮಾಡಿದೆಯೋ? ತಮ್ಮನ ಹೆಂಡತಿ ಶಿವಕುಮಾರಿಗೆ ಒಂಬತ್ತು ತಿಂಗಳು ತುಂಬಿತಲ್ಲ, ಭಾರ ಎತ್ತಲು ಬಿಡಬೇಡ. ಮೊದಲನೆಯದು ತವರಲ್ಲಾಯಿತು, ಈ ಬಾಣಂತನ ನನ್ನ ಕೈಯಲ್ಲೇ ಎಂದು ನೀನು ಓಣಿಯೆಲ್ಲ ಹೇಳಿಕೊಂಡು ತಿರುಗುತ್ತಿದ್ದೀಯಂತೆ, ತಮ್ಮ ಬಸು ಹೇಳಿದ. ಫೋನಿನಲ್ಲಿ ಮಾತಾಡಿದರೆ ನಿನಗೆ ಅರ್ಧ ಕೇಳುವುದಿಲ್ಲ, ಉಳಿದರ್ಧ ಕೇಳಿದರೂ ಕೇಳದವಳಂತೆ ಇರುತ್ತೀ. ಅದಕ್ಕೇ ಈ ಕಾಗದ. ಎಂದಿನಂತೆ ಶಿವಕುಮಾರಿಯೇ ಓದಿ ಹೇಳಲಿ.

ಈಗ ಸುದ್ದಿ ಕೇಳು. ನಾನು ಗೆದ್ದೆ ಆಯಿ! ಗ್ರಾಂಟ್ ರೋಡಿನ ಬಳೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬ್ಬಿ ಕಟ್ಟುತ್ತಿದ್ದವಳು ಈಗ ಕೌಂಟರಿನಲ್ಲಿ ನಿಂತಿದ್ದೇನೆ. ಕೌಂಟರಿನವಳು ಬಳೆಯನ್ನು ತನ್ನ ಕೈಗೇ ಏರಿಸಿ ಗಿರಾಕಿಗೆ ತೋರಿಸಬೇಕು, ಅದು ನಮ್ಮ ಅಂಗಡಿಯ ರೀತಿ. ನನ್ನ ಮುಂಗೈ ಮೇಲೆ ನೀನು ಕೊಟ್ಟ ಬರೆಗಳಿದ್ದವಲ್ಲ, ಉಬ್ಬಿದ ಕಪ್ಪು ಗೆರೆಗಳು. ಹಿಂದೆ ಒಮ್ಮೆ ಕೌಂಟರಿಗೆ ನಿಂತಾಗ ಒಬ್ಬಾಕೆ ಬಳೆ ಬಿಟ್ಟು ಅದನ್ನೇ ನೋಡಿ, ಗಂಡ ಸುಟ್ಟನೇ ಎಂದು ಮರಾಠಿಯಲ್ಲಿ ಕೇಳಿದಳು. ನಮ್ಮ ಮನೆಯವರಿಗೆ ಗ್ಯಾಸ್ ಹಚ್ಚುವುದಕ್ಕೇ ಭಯ, ಪಾಪ! ಅಂದಿನಿಂದ ನನಗೆ ತುಂಬು ತೋಳಿನ ಕುಪ್ಪಸ, ಹಿಂದಿನ ಕೋಣೆ.

ಪರೇಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ವಿನೋದಿನಿ ಅದಕ್ಕೆ ಲೇಸರ್ ಮಾಡಿದರು. ಲೇಸರ್ ಎಂದರೆ ಒಂದು ಜಾತಿಯ ಬೆಳಕು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಚರ್ಮ ಮರಗಟ್ಟುವ ಮುಲಾಮು ಹಚ್ಚಿ, ಗೆರೆಯ ಮೇಲೆ ಬಿಟ್ಟರು. ಒಗ್ಗರಣೆಯ ಸಾಸಿವೆ ಸಿಡಿದು ಕೈಗೆ ಬಿದ್ದಂತೆ ಚುರ್ ಎಂದಿತು, ಅಷ್ಟೆ. ಆಮೇಲೆ ಕೆಂಪಾಗಿ ಹಕ್ಕಳೆ ಕಟ್ಟಿ ಉದುರಿತು. ಕೈಗೆ ಬಿಸಿಲು ಬೀಳಬಾರದು ಎಂದಿದ್ದಕ್ಕೆ ಲೋಕಲ್‌ನಲ್ಲಿ ಸಿಕ್ಕ ಕಿಟಕಿ ಸೀಟನ್ನೂ ಬಿಟ್ಟುಕೊಟ್ಟೆ. ಅದೆಂಥ ತ್ಯಾಗ ಎಂಬುದು ಭಾಂಡುಪ್‌ನವರಿಗೆ ಮಾತ್ರ ಗೊತ್ತು. ನಾನು ದೀಪಾವಳಿಗೆ ಊರಿಗೆ ಬಂದಾಗ ನೀನು "ಒಮ್ಮಿ ಸುಟ್ಟಿದ್ದನ್ನ ಮತ್ತ ಸುಡಿಸ್ಕೊಳ್ಳಾಕ ಮುಂಬೈತನಕಾ ಹೋಗಬೇಕಿತ್ತೇನ?" ಎಂದು ನಕ್ಕೆಯಲ್ಲ, ನಗು. ತಿಂಗಳುಗಟ್ಟಲೆ ಹೋಗಿ ಬಂದೆ. ಗೆರೆ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಆದರೆ ಉಬ್ಬು ಇಳಿದಿದೆ, ಬಣ್ಣ ತಿಳಿಯಾಗಿದೆ, ಹುಡುಕಿದವರಿಗಷ್ಟೇ ಕಾಣುತ್ತದೆ.

ಇದು ಹೇಗಾಯಿತು ಎಂದು ಡಾಕ್ಟರು ಕೇಳಿದ್ದರು. ಹುಟ್ಟಿದ ವಾರದಲ್ಲೇ ಕಾಮಾಲೆಯಾಗಿ ಮೈ ಹಳದಿಯಾಗಿತ್ತು, ನಮ್ಮ ಆಯಿ ಬಳೆಚೂರು ಕಾಯಿಸಿ ಬರೆ ಕೊಟ್ಟಳು ಎಂದೆ. "ನಾ ಬರಿ ಕೊಟ್ಟಿದ್ದಕ್ಕ ನೀ ಉಳದೀ" ಎಂದು ನೀನು ಯಾವಾಗಲೂ ಹೇಳುವುದನ್ನೂ ಹೇಳಿದೆ. ಅವರು ನಗಲಿಲ್ಲ, ನಿನ್ನನ್ನು ಬೈಯಲೂ ಇಲ್ಲ. ಕೆಳಗಿನ ಮಹಡಿಗೆ ಕರೆದೊಯ್ದು ಗಾಜಿನಾಚೆ ತೋರಿಸಿದರು. ಕಾಮಾಲೆಯಾದ ಹಸುಗೂಸೊಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ನೀಲಿ ಬೆಳಕಿನ ಕೆಳಗೆ ಬರಿಮೈಯಲ್ಲಿ ಮಲಗಿತ್ತು. ಆ ಬೆಳಕಿಗೇ ಕಾಮಾಲೆ ಇಳಿಯುತ್ತದಂತೆ, ಅದು ಸುಡುವುದೂ ಇಲ್ಲವಂತೆ. ನಾನು ನೋಡುತ್ತಿದ್ದಂತೆಯೇ ಅದು ಆಕಳಿಸಿತು.

ಇರಲಿ. ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಇಲ್ಲಿ ಬಳೆಗೆ ಗಿರಾಕಿಗಳು ಮುಗಿಬೀಳುತ್ತಾರೆ. ಆ ಗದ್ದಲದಲ್ಲಿ ಮಾಲೀಕ ಹಿತೇಶಭಾಯಿ ನನ್ನ ಕೈ ನೋಡಿ, "ವೈಶಾಲಿಬೆನ್, ಆಜ್ ಸೆ ಕೌಂಟರ್ ಪೆ", ಇವತ್ತಿನಿಂದ ಕೌಂಟರಿನಲ್ಲಿ, ಎಂದರು. ಗಿಡ್ಡ ತೋಳಿನ ಕುಪ್ಪಸ ತೊಟ್ಟು, ಹಸಿರು ಗಾಜಿನ ಬಳೆ ಏರಿಸಿ ಕೈ ಎತ್ತಿದೆ. ಗಿರಾಕಿ ಬಳೆಯನ್ನೇ ನೋಡಿ "ಹೇಚ್ ದ್ಯಾ", ಇದೇ ಕೊಡಿ, ಎಂದಳು. ಖುಷಿಗೆ ಕಣ್ಣು ತುಂಬಿತು ಆಯಿ. ಆ ಸಂಜೆ ಬಳೆ ಕಳಚದೆ, ಗಿಲ್ ಗಿಲ್ ಎನ್ನಿಸುತ್ತ ಲೋಕಲ್‌ನಲ್ಲಿ ಮನೆಗೆ ಬಂದೆ.

ಓಣಿಯ ಎಲ್ಲರಿಗೂ ನನ್ನ ನೆನಪು ಹೇಳು. ನಿನ್ನ ಆಶೀರ್ವಾದ ನನ್ನ ಎರಡೂ ಕೈಗಳ ಮೇಲಿರಲಿ.

ನಿನ್ನ
ವೈಶಾಲಿ

ತಾ.ಕ.: ಶಿವಕುಮಾರಿ, ಇದನ್ನು ಆಯಿಯ ಬಲಗಿವಿಯ ಹತ್ತಿರ ಜೋರಾಗಿ ಓದು. ಆಯಿ, ನೀನು ಸುಟ್ಟದ್ದೂ ಪ್ರೀತಿಯಿಂದಲೇ, ನನಗೆ ಸಿಟ್ಟಿಲ್ಲ. ಆದರೆ ಈಗ ಹುಟ್ಟುವ ಕೂಸು ಹಳದಿಯಾದರೆ ಬಳೆಚೂರು ಮುಟ್ಟಕೂಡದು. ಅದೇ ದಿನ ಬಸು ಗಾಡಿ ಮಾಡಲಿ, ಕೂಸನ್ನು ಮಡಿಲಲ್ಲಿಟ್ಟುಕೊಂಡು ನೀನೇ ದೊಡ್ಡಾಸ್ಪತ್ರೆಗೆ ಹೋಗು. ಇದರ ಜೊತೆ ಕೂಸಿಗೆ ಪುಟ್ಟ ಬಳೆ ಕಳಿಸಿದ್ದೇನೆ. ಪ್ಲಾಸ್ಟಿಕ್ಕಿನವು. ಕಾಯಿಸಲು ಹೋದರೆ ಕರಗುತ್ತವೆ.