ಡ್ರಿಪ್‌ಗೆ ಮೊದಲು ಎರಡು ಲೋಟ ನೀರು

ಇಬಾಡಾನ್
ಜನವರಿ ೧೪, ಮಂಗಳವಾರ

ಅಬೆನಿಯ ತಾಯಿಗೆ,

ನಿನ್ನನ್ನು ಹೀಗೆ ಕರೆಯುವವರು ಈಗ ಯಾರೂ ಉಳಿದಿರಲಾರರು. ನಮ್ಮ ಬೀದಿಯವರು ನನ್ನನ್ನು ‘ಅಬೆನಿ ಅಪ್ಪ’ ಎನ್ನುವುದನ್ನು ಹೋದ ವರ್ಷವೇ ನಿಲ್ಲಿಸಿದರು. ಈಗ ಬರೀ ‘ಯಜಮಾನರೇ’ ಎನ್ನುತ್ತಾರೆ, ಮಗಳ ಹೆಸರು ಚುಚ್ಚೀತೆಂಬ ದಯೆಯಿಂದ. ಆ ದಯೆ ನನಗೆ ಬೇಕಿಲ್ಲ, ನಿನಗೂ ತೋರಿಸುವುದಿಲ್ಲ.

ನಿನ್ನೆ ನಿನ್ನ ತಂಗಿ ಮೊಡುಪೆ ಇಲೆಷಾದಿಂದ ಫೋನ್ ಮಾಡಿದ್ದಳು. ನೀನು ಹಿತ್ತಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡದ್ದು, ಮೂಳೆ ಸವೆದಿದೆಯೆಂದು ವೈದ್ಯರು ಹೇಳಿದ್ದು, ವರ್ಷಕ್ಕೊಮ್ಮೆ ನರಕ್ಕೆ ಹಾಕುವ ಔಷಧವನ್ನು ಈ ಶುಕ್ರವಾರಕ್ಕೆ ಗೊತ್ತುಮಾಡಿದ್ದು, ಎಲ್ಲವೂ ತಿಳಿಯಿತು. ಝೊಲೆಡ್ರೊನಿಕ್ ಆಸಿಡ್. ಆ ಹೆಸರನ್ನು ನನಗೆ ಯಾರೂ ಎರಡನೆಯ ಸಲ ಹೇಳಬೇಕಿಲ್ಲ. ಆಮೇಲೆ ಅವಳು ದನಿ ತಗ್ಗಿಸಿದಳು: “ಭಾವ, ಅಕ್ಕ ಬುಧವಾರ ರಾತ್ರಿಯಿಂದ ಒಣ ಉಪವಾಸ ಹಿಡೀತಾಳಂತೆ. ತೊಟ್ಟು ನೀರೂ ಮುಟ್ಟಲ್ವಂತೆ. ನನ್ನ ಮಗಳು ಹ್ಯಾಗೆ ಹೋಗಿ ಆ ಕುರ್ಚಿ ಮೇಲೆ ಕೂತಳೋ ನಾನೂ ಹಾಗೇ ಕೂರ್ತೀನಿ ಅಂತಾಳೆ. ನೀವೇ ಏನಾದ್ರೂ ಹೇಳಿ. ಬೈಯೋದಾದ್ರೆ ಬೈರಿ, ಅದಂತೂ ನಿಮಗೆ ಚೆನ್ನಾಗಿ ಬರುತ್ತಲ್ಲ!”

ನೀನು ನನ್ನ ಫೋನ್ ಎತ್ತುವುದಿಲ್ಲ. ಆದ್ದರಿಂದ ಇಲೆಷಾಕ್ಕೆ ಹೊರಡುವ ಬಸ್ಸಿನ ಚಾಲಕನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾಳೆ ಮಧ್ಯಾಹ್ನ ನಿನಗೆ ಮುಟ್ಟುತ್ತದೆ.

ಕಾಲೇಜಿನ ಚರ್ಚಾಕೂಟದಲ್ಲಿ ನಾನು ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ, ಅನಂತರ ಕೆಡವುತ್ತಿದ್ದೆ. ಇಂದೂ ಅದನ್ನೇ ಮಾಡುತ್ತೇನೆ. ನಿನ್ನ ವಾದ ಇದು. ಅಬೆನಿಯ ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ತಿಂಗಳಿಗೊಮ್ಮೆ ಹಾಕುತ್ತಿದ್ದ ಇದೇ ಔಷಧದಿಂದ ಮೂಳೆಗೆ ಬಲ ಬಂದು, ನೋವು ತಗ್ಗಿ, ಅವಳು ಮತ್ತೆ ಮಾರುಕಟ್ಟೆಗೆ ನಡೆದು ಹೋಗಿ ಟೊಮೆಟೊದವಳೊಡನೆ ಜಗಳವಾಡುವಷ್ಟಾಗಿದ್ದಳು. ಒಮ್ಮೆ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ದಣಿದಂತೆ ಕಂಡು ಡ್ರಿಪ್ ಮುಂದೂಡಿದ್ದರು. ಆಗ ಅವಳು ಹಾಸಿಗೆಯಲ್ಲಿ ಹೊರಳಲಾರದೆ ನರಳಿದ್ದನ್ನು ನೀನೂ ಕಂಡಿದ್ದೆ. ಹೋದ ಜನವರಿಯಲ್ಲಿ ನಿನ್ನ ಚರ್ಚಿನವರು ಅವಳಿಗಾಗಿ ಒಣ ಉಪವಾಸ ಹಿಡಿದರು. “ನಾನೂ ನಿನ್ನ ಜೊತೆ ಉಪವಾಸ ಇರ್ತೀನಿ ಅಮ್ಮಾ” ಎಂದು ಅಬೆನಿ ಹೇಳಿದಾಗ ನೀನು ಹಿಗ್ಗಿ ಅವಳ ಹಣೆ ಸವರಿದೆ. ಮೂರನೆಯ ಬೆಳಗ್ಗೆ ಆಸ್ಪತ್ರೆಯಲ್ಲಿ ನರ್ಸ್ ಎಂದಿನಂತೆ, “ಎರಡು ಲೋಟ ನೀರು ಕುಡಿದು ಬಂದಿದ್ದೀಯ ತಾನೇ?” ಎಂದು ಕೇಳಿದಳು. ಅಬೆನಿ “ಹೊಟ್ಟೆ ತುಂಬ” ಎಂದಳು. ನೀನು ಆಗ ಹೊರಗಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದೆ. ಒಣಗಿದ ಮೈಗೆ ಔಷಧ ಇಳಿಯಿತು. ಮೂತ್ರಪಿಂಡಗಳು ನಿಂತವು. ಮರಳುಗಾಡಿನಿಂದ ಬೀಸುವ ಹರ್ಮಟಾನ್ ಒಣಗಾಳಿಯ ಧೂಳು ಅಡಗುವ ಮೊದಲೇ ಅವಳು ಹೋದಳು.

ನಮ್ಮ ಪದ್ಧತಿಯಲ್ಲಿ ಹೆತ್ತವರು ಮಗುವನ್ನು ಹೂಳುವಲ್ಲಿಗೆ ಹೋಗುವಂತಿಲ್ಲ. ನಾವಿಬ್ಬರೂ ಮನೆಯಲ್ಲಿ ಕುಳಿತಿದ್ದೆವು. ನೆರೆಯವರು ನಿನ್ನ ಮುಂದೆ ಅನ್ನದ ತಟ್ಟೆ ಇಟ್ಟಾಗ ನಾನು, “ಉಪವಾಸ ಫಲಿಸಿತಲ್ಲ, ಇನ್ನು ಉಣ್ಣು” ಎಂದೆ. ನೀನು, “ಅಬೆನಿ ಅಪ್ಪಾ, ಗೆದ್ದಿರಿ ಬಿಡಿ” ಎಂದು ಎದ್ದು ಹೋದೆ. ಇಲೆಷಾದಿಂದ ಹಿಂದಿರುಗಲಿಲ್ಲ.

ಮಗಳು ನಿನ್ನ ಉಪವಾಸದಿಂದ ಸತ್ತಳು, ಆದ್ದರಿಂದ ನೀನೂ ಹಾಗೆಯೇ ಸಾಯತಕ್ಕದ್ದು: ಇದು ನಿನ್ನ ತೀರ್ಮಾನ. ಇದಕ್ಕೆ ಪ್ರಾಯಶ್ಚಿತ್ತವೆಂಬ ದೊಡ್ಡ ಹೆಸರು ಬೇಡ. ಆಸ್ಪತ್ರೆಯ ಕುರ್ಚಿ ನ್ಯಾಯಪೀಠವಲ್ಲ. ಮೈ ಒಣಗಿಸಿಕೊಂಡು ಅಲ್ಲಿ ಕುಳಿತು, ಸೂಜಿ ಚುಚ್ಚುವ ಯಾವಳೋ ಪಾಪದ ಹುಡುಗಿಯನ್ನು ನಿನ್ನ ಸಾವಿಗೆ ಸಾಕ್ಷಿಯಾಗಿಸುವ ಹಕ್ಕು ನಿನಗೆ ಯಾರು ಕೊಟ್ಟರು?

ಔಷಧ ಒಳ್ಳೆಯದೇ. ಮತ್ತೊಮ್ಮೆ ಬಿದ್ದರೆ ಸೊಂಟ ಮುರಿಯದಂತೆ ಕಾಯಬಲ್ಲದು. ಹಾಕಿಸುವುದಾದರೆ ನೆಟ್ಟಗೆ ಹಾಕಿಸು. ಮೂತ್ರಪಿಂಡದ್ದೂ ಕ್ಯಾಲ್ಸಿಯಂದೂ ರಕ್ತಪರೀಕ್ಷೆ ಈ ವಾರವೇ ಆಗಲಿ. ಹಳೆಯ ಚೀಟಿ ತೋರಿಸಬೇಡ. ಮಂಡಿನೋವಿಗೆಂದು ಪೇಟೆಯಲ್ಲಿ ಕೊಂಡು ನುಂಗುವ ಮಾತ್ರೆಗಳನ್ನು ವೈದ್ಯರ ಮುಂದೆ ಸುರಿದು ತೋರಿಸು, ಅವೂ ಮೂತ್ರಪಿಂಡವನ್ನು ಕೆಡಿಸುತ್ತವೆ. ನಿನ್ನ ಎಡಗಡೆಯ ದವಡೆಹಲ್ಲು ಅಲ್ಲಾಡುತ್ತಿತ್ತಲ್ಲ? ಮೊದಲು ದಂತವೈದ್ಯರಿಗೆ ತೋರಿಸು. ಕೀಳಬೇಕಿದ್ದರೆ ಕೀಳಿಸಿ, ಗಾಯ ಮಾಯ್ದ ಮೇಲೆ ಡ್ರಿಪ್. ತಲೆಕೆಳಗಾಗಿ ಮಾಡಿದರೆ ದವಡೆಯ ಮೂಳೆಯೇ ಕೊಳೆಯಬಹುದು. ಡ್ರಿಪ್ ಹಾಕುವ ದಿನ ಉಂಡು ಹೋಗು. ಔಷಧ ಕಾಲು ಗಂಟೆಗಿಂತ ಬೇಗ ಇಳಿಯಕೂಡದು. ಅವಸರ ಮಾಡಿದರೆ ಬಾಯಿ ಬಿಟ್ಟು ಹೇಳು. ಮರುದಿನ ಜ್ವರ, ಮೈಕೈ ನೋವು ಬರಬಹುದು. ಕೂಡಲೇ ಮಲೇರಿಯಾ ಎಂದು ಊರಿಗೆಲ್ಲ ಸಾರಿ ಸೊಪ್ಪಿನ ಕಷಾಯ ಕುದಿಸಬೇಡ. ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೋ. ವಾಂತಿಯೋ ಭೇದಿಯೋ ಆಗಿದ್ದರೆ ಮುಚ್ಚಿಡಬೇಡ. ದಿನ ಮುಂದೆ ಹೋದರೆ ಹೋಗಲಿ.

ನನ್ನ ಮಂಡನೆ ಇಷ್ಟು. ಮನೆಗೆ ಮರಳೆಂದು ಕೇಳುತ್ತಿಲ್ಲ. ಬದುಕಿರು ಎನ್ನುತ್ತಿದ್ದೇನೆ. ಅವೆರಡೂ ಬೇರೆ ಬೇರೆ ವಿಷಯಗಳು.

ಇಂದಿಗೂ ಅಬೆನಿಯ ತಂದೆ,
ಅಕಿನ್‌ಬೋಡೆ

ಮತ್ತೆ: ಇದು ಮರೆತು ಉಳಿದ ಮಾತಲ್ಲ. ಅವಳ ಕೊನೆಯ ದಿನಗಳಲ್ಲಿ, ಆಸ್ಪತ್ರೆಯಿಂದ ನೀನು ಬಟ್ಟೆ ತರಲು ಮನೆಗೆ ಹೋಗಿದ್ದ ಸಂಜೆ ಅಬೆನಿ ನನ್ನನ್ನು ಹತ್ತಿರ ಕರೆದು ಹೇಳಿದಳು: “ಅಪ್ಪಾ, ನಾನು ಉಪವಾಸ ಇರ್ಲೇ ಇಲ್ಲ. ಏನು ಕುಡಿದ್ರೂ ವಾಂತಿ ಆಗ್ತಿತ್ತು. ಗೊತ್ತಾದ್ರೆ ಮತ್ತೆ ಡ್ರಿಪ್ ಮುಂದಕ್ಕೆ ಹಾಕ್ತಾರೆ, ಆ ನೋವು ಇನ್ನೊಂದ್ಸಲ ನನ್ನ ಕೈಲಾಗಲ್ಲ ಅಂತ ಅಮ್ಮನ ಉಪವಾಸದ ನೆಪ ಹೇಳ್ದೆ. ಅಮ್ಮಂಗೆ ಹೇಳಿಬಿಡಿ. ಇಲ್ದಿದ್ರೆ ತನ್ನಿಂದಾನೇ ಆಯ್ತು ಅಂದ್ಕೋತಾಳೆ.”

ಇಂದು ಹೇಳಿದ್ದೇನೆ. ಅಂದಿನ ಗೆಲುವು ನನ್ನದಲ್ಲ. ನೀರು ಕುಡಿ.