ಮಂಚದ ಕೆಳಗಿನ ಆಕ್ಸಾಲಿಸ್

ಏಪ್ರಿಲ್ 3, ಬೆಳಗ್ಗೆ

ಕುಕ್ಕರ್ ಇಟ್ಟೆ, ಕುಂಡ ತಿರುಗಿಸಿದೆ. ಬೆಳಕಿನತ್ತ ಕತ್ತು ಚಾಚುವ ಚಾಳಿ ಈ ಆಕ್ಸಾಲಿಸ್ ಗಿಡಕ್ಕೆ. ನೇರಳೆ ಎಲೆಗಳು, ಮೂರು ಮೂರು ಜೊತೆಯಾಗಿ. ಸಂಜೆಯಾದರೆ ಕೊಡೆಯಂತೆ ಮಡಚಿಕೊಳ್ಳುತ್ತವೆ. ನನ್ನ ಕೈಯಲ್ಲಿ ಕಳ್ಳಿಗಿಡವೂ ಬದುಕಿದ್ದಿಲ್ಲ. ಇದು ಬದುಕಿದೆ! ಅತ್ತೆಯ ತೀರ್ಪು: ಮಳೆಗಾಲದವರೆಗೆ ಇದನ್ನು ಉಳಿಸಿದರೆ ಹಿತ್ತಲು ನನಗೆ, ತೋಟ ಮಾಡಲು. ಇಲ್ಲವಾದರೆ ನಮ್ಮ ಯಜಮಾನರ ಕಾರಿಗೆ — ಸಿಮೆಂಟು ಹಾಕಿಸಿ.

ಏಪ್ರಿಲ್ 19

ಎಲೆಗಳೆಲ್ಲ ಜೋತುಬಿದ್ದಿವೆ. ಅರ್ಧ ಒಣಗಿವೆ.

"ಹೋಯ್ತಲ್ಲ ನಿನ್ನ ಗಿಡ! ಮೇಸ್ತ್ರಿಗೆ ಫೋನ್ ಮಾಡ್ಲಾ?" ಎಂದರು ಇವರು.

"ಸತ್ತಿಲ್ಲ, ಮಲಗಿದೆ. ನರ್ಸರಿಯವರು ಹೇಳಿದ್ದಾರೆ, ಬಿಸಿಲು ಜಾಸ್ತಿ ಆದ್ರೆ ಹಾಗೇ. ಒಳಗೆ ಗೆಡ್ಡೆ ಇರುತ್ತೆ."

"ಆಹಾ! ಆಫೀಸಲ್ಲಿ ನಿಂತುಹೋದ ಫೈಲಿಗೆ ನಾನೂ ಹೀಗೇ ಹೇಳ್ತೀನಿ."

ಮೈಯೆಲ್ಲ ಉರಿಯಿತು. ಮಲಗಿದ ಗೆಡ್ಡೆಗೆ ನೀರು ಹಾಕಿದರೆ ಕೊಳೆಯುತ್ತದಂತೆ, ನಿಲ್ಲಿಸಿದೆ. ಕುಂಡ ಮಂಚದ ಕೆಳಗೆ, ಕತ್ತಲಲ್ಲಿ.

ಮೇ 8

ಕುಂಡ ಎತ್ತಿದರೆ ಭಾರ! ಮಣ್ಣು ಪಿಚಪಿಚ. ನಾನು ಹನಿ ನೀರೂ ಹಾಕಿಲ್ಲ... ಬಾಗಿಲ ಮರೆಯಲ್ಲಿ ಕಾದು ನಿಂತೆ. ಸಿಕ್ಕಿಬಿದ್ದರು — ಅತ್ತೆ, ಚೊಂಬು ಹಿಡಿದು.

"ಪಾಪ, ಒಣಗ್ತಿತ್ತು ಕಣೇ. ನೀನು ಸೋಲ್ಬಾರ್ದು ಅಂತ ದಿನಾ ಚೂರು ಹಾಕ್ತಿದ್ದೆ."

ತೀರ್ಪು ಕೊಡುವವರೇ ನನ್ನ ಕಡೆ! ಅಳಬೇಕೋ ನಗಬೇಕೋ. ಇಬ್ಬರೂ ನೆಲದ ಮೇಲೆ ಕೂತು ಮಣ್ಣು ಸುರಿದೆವು. ಗೆಡ್ಡೆಗಳು ಬಹುಪಾಲು ಕೊಳೆತಿದ್ದವು. ಒತ್ತಿ ನೋಡಿ, ಗಟ್ಟಿಯಿದ್ದವನ್ನು ಆರಿಸಿ ಒಣ ಮಣ್ಣಲ್ಲಿಟ್ಟೆ. ಒಂದು ಹಿಡಿಯೂ ಇಲ್ಲ. ಭಯವಾಗುತ್ತಿದೆ.

ಜೂನ್ 2

ಕುಂಡ ಕಿಟಕಿಗೆ ತಂದು, ನೀರು ಚಿಮುಕಿಸಿ ವಾರವಾಯಿತು. ಏನೂ ಇಲ್ಲ. ನಾಡಿದ್ದು ಮೇಸ್ತ್ರಿ ಬರುತ್ತಾನಂತೆ, ಅಳತೆಗೆ. ಇವರು ಈಗಲೇ ಹಲ್ಲು ಕಿಸಿಯುತ್ತಿದ್ದಾರೆ.

ಜೂನ್ 4

ಬಂತು! ಬಂತು! ಮೇಸ್ತ್ರಿ ಟೇಪು ಬಿಚ್ಚುವ ಹೊತ್ತಿಗೆ ಅತ್ತೆ ಕುಂಡ ಎತ್ತಿಕೊಂಡು ಹಿತ್ತಲಿಗೆ ನಡೆದರು. ಮಂಡಿನೋವು ಎಲ್ಲಿ ಹೋಯಿತೋ! ನೇರಳೆ ಕುಡಿಗಳು, ದಾರದಷ್ಟು ಸಪೂರ.

"ಏನಪ್ಪಾ, ಇದು ಸತ್ತಿದ್ಯಾ? ಮೇಸ್ತ್ರಿಗೆ ಕಾಫಿ ಕೊಟ್ಟು ಕಳಿಸು" ಎಂದರು ಮಗನಿಗೆ.

ಇವರು ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಗೆದ್ದೆ. ನಾನು ಗೆದ್ದೆ!

ಜೂನ್ 21, ಸಂಜೆ

ಹಿತ್ತಲಲ್ಲಿ ಮೊದಲ ಪಾತಿ. ನರ್ಸರಿಯಿಂದ ಇನ್ನಷ್ಟು ಗೆಡ್ಡೆ ತಂದವರು ಯಾರು? ಇವರೇ! ಚೀಲ ಟೇಬಲ್ ಮೇಲಿಟ್ಟರು. ಈಗ ಪ್ಯಾಂಟು ಮಡಚಿ ಕೆಸರಲ್ಲಿ ಕೂತಿದ್ದಾರೆ. "ಎಷ್ಟು ಆಳ ಹೂಳ್ಬೇಕೇ?" ಎಂದು ಕೂಗಿದರು. ಬೆರಳಿನ ಒಂದು ಗೆಣ್ಣು ಎಂದೆ. ಯಾರ ಬೆರಳು ಎಂದು ಕೇಳುತ್ತಿದ್ದಾರೆ. ಬಂದೆ, ಇರಿ, ಏನೂ ಮುಟ್ಟಬೇಡಿ — ಅದು ನನ್ನ ಹಿತ್ತಲು, ನನ್ನ...